ಅಣ್ಣನ ಪಾಲು

ತವರಿನ ಹೊಲದ ಕೆಳಗಿನ ಮೂಲೆಯನ್ನು ಅಣ್ಣ ನನಗೆ ಕೊಟ್ಟದ್ದು ಒಂದು ಪಂಚಮಿ ಹಬ್ಬದ ಮರುದಿನ, ಕುಬುಸದ ಖಣದ ಜೊತೆಗೆ. ಕೊಟ್ಟದ್ದು ಅವನ ಬಾಯಿಮಾತಿನ ಮೇಲೆ. ವಾಪಸು ತೆಗೆದುಕೊಂಡದ್ದು ನನ್ನ ಬಾಯಿಮಾತಿನ ಮೇಲೆ. ನಡುವಿನ ವರ್ಷಗಳಲ್ಲಿ ಆ ಮೂಲೆಯಲ್ಲಿ ಏನೇನು ಬೆಳೆಯಿತು ಎಂಬುದು ನನಗೆ ಗೊತ್ತು. ಅಣ್ಣನ ಮನಸ್ಸಿನಲ್ಲಿ ಏನು ಬೆಳೆಯುತ್ತಿತ್ತು ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅವತ್ತು ಹಬ್ಬ ಮುಗಿಸಿಕೊಂಡು ನಾನು ಬನಹಟ್ಟಿಗೆ ಹೊರಟಿದ್ದೆ. ಗಂಡನ ಮನೆ ಬನಹಟ್ಟಿಯಲ್ಲಿ. ಅವರದು ಬಟ್ಟೆ ವ್ಯಾಪಾರ, ನನ್ನದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಪಾಠ. ವೈನಿ, ಅಂದರೆ ಅಣ್ಣನ ಹೆಂಡತಿ, ಉಡಿ ತುಂಬಿ ಖಣ ಕೊಟ್ಟರು. ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದ ಅಣ್ಣ ತಲೆಯೆತ್ತಿ ನಕ್ಕ.

“ಬರೇ ಖಣಾ ಯಾಕ? ಕೆಳಗಿನ ಸವಳ ತುಂಡೂ ನಿನಗ ಬಿಟ್ಟೇನಿ, ತಗೋ. ಕಸದ ಅಕ್ಕೋರ ಅದಿ, ಕಸಾ ಬೆಳಕೋಂತ ಕುಂಡ್ರು.”

ಕಸದ ಅಕ್ಕೋರು, ಅಂದರೆ ಕಳೆಗಿಡದ ಟೀಚರು, ಎಂಬುದು ಶಾಲೆಯ ಹುಡುಗರು ಇಟ್ಟ ಹೆಸರು. ರಸ್ತೆಯ ಬದಿಯ ಗಿಡಗಳನ್ನು ಬಗ್ಗಿ ಬಗ್ಗಿ ನೋಡುವ ಚಟ ನನಗೆ ಮೊದಲಿನಿಂದ ಇದೆ. ಅಣ್ಣನ ಮಾತಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ನಗು ಹೋಗಿ ಸಂತೋಷ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ನಾನು ಪಾಲು ಕೇಳಿರಲಿಲ್ಲ. ಕೇಳದೆ ಇದ್ದವಳಿಗೆ ಅಣ್ಣ ತಾನಾಗಿ ಕೊಟ್ಟನಲ್ಲ ಎಂದು ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆ ತುಂಡು ಹೇಗಿತ್ತೆಂದು ಹೇಳಬೇಕು. ನಮ್ಮದು ಎರೆ ಭೂಮಿ. ಕಾಲುವೆ ನೀರು ಬಂದ ಮೇಲೆ ಅದಕ್ಕೆ ಕಬ್ಬು ಹಚ್ಚಿ, ನೀರು ಬಿಟ್ಟದ್ದೇ ಬಿಟ್ಟದ್ದು. ಇಳಿದ ನೀರು ಅಡಿಯಲ್ಲಿ ನಿಂತು, ಅಲ್ಲಿನ ಉಪ್ಪನ್ನು ಹೊತ್ತು ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮುಧೋಳ, ಜಮಖಂಡಿಯ ಕಡೆ ಎಷ್ಟೋ ಹೊಲಗಳ ಪಾಡು ಇದು. ಸವಳು ಎನ್ನುತ್ತಾರೆ. ನಮ್ಮ ಕೆಳಗಿನ ಮೂಲೆಯಲ್ಲಿ ಕಬ್ಬು ಮೊದಲು ಹಳದಿಯಾಯಿತು, ಆಮೇಲೆ ಹುಟ್ಟಲೇ ಇಲ್ಲ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ನೆಲದ ಬಿಳುಪಿಗೆ ಕಣ್ಣು ಕುಕ್ಕುತ್ತಿತ್ತು, ಮಳೆಗಾಲದಲ್ಲಿ ಕಾಲು ಮೊಣಕಾಲಿನವರೆಗೆ ಹುಗಿಯುತ್ತಿತ್ತು. “ಅದು ಸತ್ತ ಹೊಲ” ಎಂದು ಊರವರು ಆ ಕಡೆ ನೋಡುವುದನ್ನೂ ಬಿಟ್ಟಿದ್ದರು.

ನಾನು ಅದಕ್ಕೆ ಮಾಡಿದ್ದು ಬಹಳ ಇಲ್ಲ. ಒಡ್ಡಿನ ಪಕ್ಕದಲ್ಲಿ ಅಪ್ಪನ ಕಾಲದ ಒಂದು ಬಸಿಗಾಲುವೆ ಹೂತುಹೋಗಿತ್ತು, ಆಳು ಹಚ್ಚಿ ಅದನ್ನು ತೋಡಿಸಿದೆ. ಮೇಲಿನ ಕಬ್ಬಿನ ನೀರು ಒಳಗೆ ಬರದ ಹಾಗೆ ಒಡ್ಡು ಗಟ್ಟಿ ಮಾಡಿಸಿದೆ. ಆಮೇಲೆ ಕೈ ಕಟ್ಟಿಕೊಂಡು ಕುಳಿತೆ. ಬಿತ್ತಲಿಲ್ಲ, ಹರಗಲಿಲ್ಲ. ಯಾರು ಬರುತ್ತಾರೋ ಬರಲಿ ಎಂದು ಬಿಟ್ಟೆ. ಮನೆಯವರು “ಇಷ್ಟು ದೂರ ಹೋಗಿ ಸುಮ್ಮನೆ ಕೂತು ಬರೋದಕ ಏನಂತಾರ?” ಎಂದು ಕೆಣಕುತ್ತಿದ್ದರು. ಬನಹಟ್ಟಿಯಲ್ಲಿ ಮನೆಯ ಹಿಂದೆ ಮುಂದೆ ದಿನವಿಡೀ ಮಗ್ಗದ ಖಟಖಟ ಕೇಳುವವಳಿಗೆ ಸುಮ್ಮನೆ ಕೂರುವುದೇ ಒಂದು ಸುಖ ಎಂದು ಅವರಿಗೆ ಹೇಳಿದರೆ ತಿಳಿಯುತ್ತಿರಲಿಲ್ಲ.

ಮೊದಲು ಬಂದದ್ದು ಗೋಳಿ. ಸಂತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರಲ್ಲ, ಕೆಂಪು ದಂಟಿನ ದಪ್ಪ ಎಲೆಯ ಗೋಳಿಪಲ್ಲೆ, ಅದೇ. ಬಿಳಿ ಪದರು ಬಿರಿದ ಕಡೆ ಒಂದು, ಇಲ್ಲೊಂದು, ಅಲ್ಲೊಂದು. ನೆಲಕ್ಕೆ ಅಂಟಿಕೊಂಡು ಹಬ್ಬಿತು. ಎಲೆ ಕಿತ್ತು ಕಡಿದರೆ ಹುಳಿಗಿಂತ ಉಪ್ಪೇ ಹೆಚ್ಚಾಗಿ ಬಾಯಿಗೆ ಹತ್ತುತ್ತಿತ್ತು. ಅದರ ಜೊತೆ ಒಂದು ಬೂದು ಬಣ್ಣದ ಗಿಡ್ಡ ಗಿಡವೂ ಬಂತು. ಊರಲ್ಲಿ ಅದಕ್ಕೆ ಹೆಸರಿಲ್ಲ, ಯಾರಿಗೂ ಬೇಡದ್ದಕ್ಕೆ ಯಾರು ಹೆಸರಿಡುತ್ತಾರೆ? ನಾನು ಉಪ್ಪುಗಿಡ ಎಂದು ಕರೆದೆ. ಬಸಿಗಾಲುವೆಯ ತೇವದಲ್ಲಿ ಆಪು ಎಂಬ ಎತ್ತರದ ಜೊಂಡು ಎದ್ದು ನಿಂತಿತು. ಅದರ ಕಾಲಡಿ ಜೇಕಿನ ಹುಲ್ಲು.

ಮುಂದಿನ ಬೇಸಿಗೆಗೆ ಕುರಿಗಳು ಹಾದುಹೋದವು. ಅವು ಹಿಕ್ಕೆ ಹಾಕಿದ ಕಡೆ ಮಳೆಯಾದ ಮೇಲೆ ಬಳ್ಳಾರಿ ಜಾಲಿ ಮೊಳೆಯಿತು. ಜಾಲಿ ಕಂಡರೆ ಬೈಯದವರಿಲ್ಲ, ನಾನೂ ಬೈಯುತ್ತ ಬೆಳೆದವಳು. ಆದರೆ ಅದು ಬೇರನ್ನು ಎಷ್ಟು ಆಳಕ್ಕೆ ಇಳಿಸುತ್ತದೆ, ಅಡಿಯ ನೀರನ್ನು ಹೇಗೆ ಹೀರಿ ಕೆಳಗಿಳಿಸುತ್ತದೆ ಎಂದು ಅಲ್ಲೇ ಕಂಡೆ. ಜಾಲಿಯ ನೆರಳಿನಲ್ಲಿ ಉಪ್ಪಿನ ಪದರು ತೆಳ್ಳಗಾಯಿತು. ಉದುರಿದ ಎಲೆ ಕೊಳೆತು ಮಣ್ಣು ಕಪ್ಪಗಾಯಿತು. ಒಡ್ಡಿನ ಮೇಲೆ ಎಲ್ಲಿಂದಲೋ ಹತ್ತಿಯಂಥ ಬೀಜ ಹಾರಿಬಂದು ಎಕ್ಕೆಯೂ ನಿಂತಿತು. ಆಮೇಲೆ ಒಂದು ಶ್ರಾವಣದಲ್ಲಿ, ಜಾಲಿಯ ಬುಡದಲ್ಲಿ, ಕರಿಕೆ ಹುಲ್ಲು ಬಂತು.

ರೈತನ ಹೊಲದಲ್ಲಿ ಕರಿಕೆ ಬಂದರೆ ಮನೆಯಲ್ಲಿ ಸಾವಾದಂತೆ ಮುಖ ಮಾಡುತ್ತಾರೆ. ನಾನು ಮಾತ್ರ, ಉಪ್ಪು ಇಳಿದದ್ದಕ್ಕೆ ಇದೇ ಗುರುತು ಎಂದು, ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅಂಗೈಯಿಂದ ಸವರಿದೆ. ಮನೆಗೆ ಓಡಿಹೋಗಿ ಅಣ್ಣನಿಗೆ ಹೇಳಿದೆ.

“ಯಣ್ಣಾ, ಕರಿಕಿ ಬಂದೈತಿ!”

“ಕರಿಕಿ ಬಂದ್ರ ಪೇಢೆ ಹಂಚಾಕಿ ನೀ ಒಬ್ಬಾಕಿನ ನೋಡವಾ,” ಎಂದು ಅವನು ವೈನಿಯ ಕಡೆ ತಿರುಗಿ ಕಣ್ಣು ಹೊಡೆದ.

ಅವನಿಗೆ ಎಲ್ಲವನ್ನೂ ಹೇಳುತ್ತಿದ್ದೆ. ಗೋಳಿ ಬಂದಾಗ ಹೇಳಿದೆ, ಗೋಳಿ ಕಡಿಮೆಯಾದಾಗ ಹೇಳಿದೆ, ಜಾಲಿಯ ಕೊಂಬೆಗೆ ಕೂತ ಹಕ್ಕಿಗಳು ಹಿಕ್ಕೆ ಹಾಕಿ ಬೇವು ಮತ್ತು ಬಾರಿಹಣ್ಣಿನ ಸಸಿ ಎದ್ದಾಗಲೂ ಹೇಳಿದೆ. ಪುಸ್ತಕದಲ್ಲಿ ಇದಕ್ಕೆ ಅನುಕ್ರಮಣ ಎಂಬ ದೊಡ್ಡ ಹೆಸರಿದೆ. ಖಾಲಿ ನೆಲಕ್ಕೆ ಮೊದಲು ಬಂದವರು ಕಷ್ಟಪಟ್ಟು ನೆಲವನ್ನು ಹದ ಮಾಡುತ್ತಾರೆ, ಹದವಾದ ನೆಲಕ್ಕೆ ಎರಡನೆಯವರು ಬರುತ್ತಾರೆ, ಅವರ ನೆರಳಿನಲ್ಲಿ ಮೊದಲಿನವರಿಗೆ ಜಾಗ ಇರುವುದಿಲ್ಲ. ಇದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಪಾಠ ಮಾಡಿದ್ದೆ. ಅಣ್ಣನಿಗೂ ಅದೇ ಪಾಠ ಮಾಡಿದೆ. ಅವನು ತೂಕಡಿಸುತ್ತ ಕೇಳುತ್ತಿದ್ದಾನೆ ಎಂದುಕೊಂಡಿದ್ದೆ. ನನ್ನ ಶಿಷ್ಯರಲ್ಲಿ ಅವನಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ.

ಒಂದು ಸಲ ಶಾಲೆಯ ಮಕ್ಕಳನ್ನು ಬೀಳಗಿಯ ಆಚೆ ಅನಗವಾಡಿಗೆ ಕರೆದುಕೊಂಡು ಹೋಗಿದ್ದೆ. ಬೇಸಿಗೆ ಹತ್ತಿರವಾದ ಹಾಗೆ ಅಲ್ಲಿ ಹೊಳೆಯ ಹಿನ್ನೀರು ಸರಿದು ಮೆಕ್ಕಲು ಮಣ್ಣು ಬಯಲಾಗುತ್ತದೆ. ಮಣ್ಣು ಬಿರುಕು ಬಿಡುವ ಮುಂಚೆಯೇ ಅದರಲ್ಲಿ ಹಸಿರು ಇಣುಕುತ್ತದೆ. “ಅಕ್ಕೋರ, ಮಳಿಗಾಲಕ ಮತ್ತ ನೀರ ಬಂದ್ರ ಇವೆಲ್ಲಾ ಏನ ಮಾಡ್ತಾವ್ರಿ?” ಎಂದು ಒಬ್ಬ ಹುಡುಗಿ ಕೇಳಿದಳು. ಮುಳುಗುತ್ತವೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರು ಮಾಡುತ್ತವೆ ಎಂದೆ. ಆ ಹುಡುಗಿಗೆ ಹೊಳೆಯ ಮೇಲೆ ಸಿಟ್ಟು ಬಂತು. ನನಗೆ ಬರಲಿಲ್ಲ. ಹೊಳೆ ಯಾರಿಗೂ ಮಾತು ಕೊಟ್ಟಿರುವುದಿಲ್ಲ.

ಇನ್ನು ಹುತ್ತದ ವಿಷಯ. ನೀರು ನಿಲ್ಲುವ ನೆಲದಲ್ಲಿ ಗೆದ್ದಲು ಮನೆ ಕಟ್ಟುವುದಿಲ್ಲ. ಒಂದು ಜಾಲಿ ಒಣಗಿ ಬಿದ್ದಿತ್ತು. ಅದರ ಬೊಡ್ಡೆಯ ಪಕ್ಕದಲ್ಲಿ ಮಣ್ಣು ಗುಪ್ಪೆಯಾಗಿ ಎದ್ದು, ನೋಡನೋಡುತ್ತ ನನ್ನ ಸೊಂಟದೆತ್ತರ ಬೆಳೆಯಿತು. ಅಷ್ಟು ಹೊತ್ತಿಗೆ ಕರಿಕೆ ಇಡೀ ತುಂಡಿನ ತುಂಬ ಹಾಸಿಕೊಂಡಿತ್ತು, ಬೇವಿನ ಸಸಿಗಳು ನನ್ನ ಹೆಗಲಿಗೆ ಬಂದಿದ್ದವು. ಹುತ್ತ ಕಂಡ ದಿನ ನನಗೆ ಆದ ಸಂತೋಷಕ್ಕೆ ಮಿತಿಯಿರಲಿಲ್ಲ. ಸತ್ತ ಹೊಲ ಎದ್ದು ಕುಳಿತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ನಮ್ಮ ತವರಿನವರು ಪಂಚಮಿಗೆ ಹಾಲೆರೆಯಲು ಊರಾಚೆಯ ಹಳ್ಳದ ದಂಡೆಯ ಹುತ್ತಕ್ಕೆ ಹೋಗುತ್ತಿದ್ದರು. ಆ ವರ್ಷ ಹಟ ಹಿಡಿದು ಹೇಳಿದೆ.

“ಈ ಸಲ ನನ್ನ ಹೊಲದಾಗಿನ ನಾಗಪ್ಪಗ ಹಾಲ ಎರೆಯೂಣು. ಎಲ್ಲಾರೂ ಬರ್ರಿ.”

ಎಲ್ಲರೂ ಬಂದರು. ವೈನಿ ಅಳ್ಳು, ತಂಬಿಟ್ಟು, ಶೇಂಗಾದುಂಡಿ ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಅಣ್ಣ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ಅವನು ಆ ಮೂಲೆಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಜಾಲಿಯ ಮುಳ್ಳಿಗೆ ಧೋತರ ಸಿಗದ ಹಾಗೆ ಎತ್ತಿ ಹಿಡಿದುಕೊಂಡು, ಸುತ್ತಲೂ ನೋಡುತ್ತ ನಡೆದ.

ನಮ್ಮ ಕಡೆ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹೇಳಿ ಎರೆಯುತ್ತೇವೆ. ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲದ ಹಾಲು ಹಿಡಿದು, ಅಲ್ಲೇ ಕಿತ್ತ ಕರಿಕೆಯ ಎಸಳನ್ನು ಅದರಲ್ಲಿ ಅದ್ದಿ, ನಾನು ಹುತ್ತದ ಮೇಲೆ ಹನಿಸುತ್ತ ಹೋದೆ. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಆಮೇಲೆ ಜೋರಾಗಿ, ಪ್ರೀತಿಯಿಂದ, ಎಲ್ಲರಿಗೂ ಕೇಳುವ ಹಾಗೆ, ಅಣ್ಣನ ಪಾಲು.

ಹಾಗೆನ್ನುತ್ತ ಅಣ್ಣನ ಕಡೆ ನೋಡಿದೆ. ಅವನು ಬಗ್ಗಿ, ಕರಿಕೆಯ ಬೇರಿನ ಒಂದು ಹೆಂಟೆ ಎತ್ತಿ, ಬೆರಳಲ್ಲಿ ಪುಡಿ ಮಾಡಿ ನಾಲಿಗೆಗೆ ಹಚ್ಚಿಕೊಂಡ.

“ಸಪ್ಪಗ ಐತಿ,” ಎಂದ.

“ಹೌದಣ್ಣಾ, ಉಪ್ಪ ಹೋಗಿ ಸಪ್ಪಗ ಆಗೇತಿ!” ಎಂದು ನಾನು ಚಪ್ಪಾಳೆ ಹೊಡೆಯುವುದೊಂದು ಬಾಕಿ. ಅಣ್ಣ ನನ್ನ ಸಂತೋಷದಲ್ಲಿ ಕೂಡಿಕೊಂಡ ಎಂದೇ ತಿಳಿದೆ. ಎಲ್ಲರ ಪಾಲು ಎರೆದು, ಬಟ್ಟಲು ಖಾಲಿ ಮಾಡಿ, ನನ್ನ ಪಾಲು ಹೇಳುವುದನ್ನೇ ಮರೆತೆ.

ದೀಪಾವಳಿಯಾದ ಮೇಲೆ ಒಂದು ಶನಿವಾರ ವೈನಿಯ ಫೋನು ಬಂತು. ನಾನು ಎಂದಿನಂತೆ ಭಾನುವಾರ ತವರಿಗೆ ಹೋಗುವವಳಿದ್ದೆ.

“ನಾಳೆ ಬರಬ್ಯಾಡ್ರಿ, ಊರಾಗ ಜ್ವರ ಭಾಳ ಐತಿ.”

ಅವರ ದನಿ ಸರಿಯಿರಲಿಲ್ಲ. ಮನೆಯಲ್ಲಿ ಯಾರಿಗೋ ಜ್ವರ ಜೋರಾಗಿದ್ದನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಬ್ರೆಡ್ಡು, ಮೋಸಂಬಿ ಕಟ್ಟಿಕೊಂಡು ಹೊರಟೆ. ಟಂಟಂ ಆಟೊದಿಂದ ಇಳಿದಾಗಲೇ ಜೆಸಿಬಿಯ ಸದ್ದು ಕೇಳಿತು. ಮೋಸಂಬಿಯ ಚೀಲ ಹಿಡಿದುಕೊಂಡೇ ಹೊಲಕ್ಕೆ ಹೋದೆ.

ಜಾಲಿಗಳೆಲ್ಲ ಬೇರು ಮೇಲಾಗಿ ಒಂದು ಕಡೆ ರಾಶಿ ಬಿದ್ದಿದ್ದವು. ಬೇವು, ಬಾರಿ ಅದೇ ರಾಶಿಯಲ್ಲಿ. ಬಸಿಗಾಲುವೆಯನ್ನು ಮುಚ್ಚಿ ಮಟ್ಟ ಮಾಡಿದ್ದರು, ಆಪು ಇದ್ದ ಗುರುತೂ ಇರಲಿಲ್ಲ. ಒಡ್ಡು ಒಡೆದು ಮೇಲಿನ ಕಬ್ಬಿನ ಹೊಲವನ್ನೂ ಈ ತುಂಡನ್ನೂ ಒಂದೇ ಮಾಡಿದ್ದರು. ಕರಿ ಮಣ್ಣು ಬಿಸಿಲಿಗೆ ಬಿದ್ದು ಹೊಳೆಯುತ್ತಿತ್ತು. ಅಷ್ಟು ಚಂದದ ಮಣ್ಣು ನಮ್ಮ ಹೊಲದಲ್ಲಿ ಎಲ್ಲೂ ಇರಲಿಲ್ಲ. ನಡುವೆ ಹುತ್ತ ಒಂದೇ ನಿಂತಿತ್ತು. ಅದರ ಸುತ್ತ ಒಂದು ಮಾರು ಜಾಗ ಬಿಟ್ಟು, ಜೆಸಿಬಿಯ ಗಾಲಿಯ ಗುರುತು ಗುಂಡಗೆ ತಿರುಗಿ ಹೋಗಿತ್ತು.

ಅಣ್ಣ ನನ್ನನ್ನು ಕಂಡು ಬೆಚ್ಚಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಎದುರು ಬಂದ.

“ಬಿಸಿಲಾಗ ಯಾಕ ಬಂದಿ ತಂಗಿ?”

“ಏನ್ ಮಾಡಾಕತ್ತಿ ಯಣ್ಣಾ?”

“ಏನ್ ಮಾಡೇನಿ? ಕಸಾ ತಗಸೇನಿ. ಕಬ್ಬ ಹಚ್ಚತೇನಿ.”

“ಇದು ನನಗ ಕೊಟ್ಟಿದ್ದಿ.”

“ಸವಳ ಕೊಟ್ಟಿದ್ದೆ. ಸವಳ ಈಗೆಲ್ಲೈತಿ?” ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ದನಿ ಮೆತ್ತಗೆ ಮಾಡಿಕೊಂಡ. “ಹುಚ್ಚಿ, ನೀನ ಹಾಲ ಎರದು ಅಂದೀ ಇಲ್ಲೋ, ಅಣ್ಣನ ಪಾಲು ಅಂತ? ಎಲ್ಲಾರೂ ಕೇಳ್ಯಾರ. ನಾಗಪ್ಪನ ಮುಂದ ಅಂದ ಮಾತು. ನಿನ್ನ ಪಾಲು ಅಂತ ನೀ ಅನಲಿಲ್ಲ ನೋಡು.”

ತಮಾಷೆ ಮಾಡುತ್ತಿದ್ದನೋ, ನಿಜವಾಗಿ ಹೇಳುತ್ತಿದ್ದನೋ, ಇವತ್ತಿಗೂ ಗೊತ್ತಿಲ್ಲ. ಅವನು ಜೀವನಪೂರ್ತಿ ಹೀಗೆಯೇ, ನಕ್ಕು ಹೇಳಿದ್ದಕ್ಕೆ ಯಾರೂ ಜಗಳ ತೆಗೆಯಲಾರರು ಎಂದು ಅವನಿಗೆ ಗೊತ್ತು. ಕೊಟ್ಟದ್ದೂ ನಗುತ್ತಲೇ.

“ಹುತ್ತ ಯಾಕ ಬಿಟ್ಟಿ?” ಎಂದು ಕೇಳಿದೆ.

“ಛೀ ಛೀ. ಹಾಲ ಎರದ ಹುತ್ತ ಕೆಡವತಾರೇನ? ಡ್ರೈವರಗೂ ಹೇಳೇನಿ, ಅದರ ಸನೇಕ ಹೋಗಬ್ಯಾಡ ಅಂತ.”

“ನಾಗಪ್ಪಗ ಅಂಜಿದಿ. ನನಗ ಅಂಜಲಿಲ್ಲ.”

“ನೀ ಏನ ಕಡೀತೀ?” ಎಂದ.

ಮೋಸಂಬಿಯ ಚೀಲವನ್ನು ಅಲ್ಲೇ ಹುತ್ತದ ಪಕ್ಕ ಇಟ್ಟು ವಾಪಸು ಬಂದೆ. ವೈನಿ ಬಾಗಿಲಲ್ಲಿ ನಿಂತಿದ್ದರು, ನಾನು ಒಳಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಅಳು ಬರಲಿಲ್ಲ, ಸಿಟ್ಟು ಬಂತು. ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಆ ಕರಿಕೆಯ ಮೇಲೆ ಬಂತು. ಇನ್ನೊಂದಿಷ್ಟು ವರ್ಷ ಉಪ್ಪುಗಿಡವೇ ಇದ್ದಿದ್ದರೆ ಯಾರೂ ಅತ್ತ ತಿರುಗಿ ನೋಡುತ್ತಿರಲಿಲ್ಲ. ಗಿಡದ ಮೇಲೆ ಸಿಟ್ಟು ಮಾಡಿಕೊಳ್ಳುವ ಜೀವಶಾಸ್ತ್ರದ ಶಿಕ್ಷಕಿಯನ್ನು ನೀವು ಕಂಡಿರಲಿಕ್ಕಿಲ್ಲ.

ಮನೆಯವರು ಕೋರ್ಟಿಗೆ ಹೋಗೋಣ ಎಂದರು. ಹೆಣ್ಣುಮಕ್ಕಳಿಗೂ ಹಕ್ಕಿದೆ ಎಂದು ನನಗೂ ಗೊತ್ತು. ಹೋಗಲಿಲ್ಲ. ಕೋರ್ಟಿಗೆ ಹೋದರೆ ತವರು ಮುಗಿಯಿತು. ಹೋಗದಿದ್ದರೂ ಮುಗಿದಿತ್ತು, ಆದರೆ ಅದನ್ನು ಊರಿಗೆಲ್ಲ ಸಾರುವ ಧೈರ್ಯ ಬರಲಿಲ್ಲ. ಅಣ್ಣ ಲೆಕ್ಕ ಹಾಕಿದ್ದು ಇದನ್ನೇ. ನನ್ನ ಪ್ರೀತಿಯನ್ನು ಅವನು ನನಗಿಂತ ಚೆನ್ನಾಗಿ ಅಳೆದಿದ್ದ. ಮುಂದಿನ ಪಂಚಮಿಗೆ ಕರೆಯಲು ಬಂದಾಗ ಪರೀಕ್ಷೆ ಇದೆ ಎಂದು ಸುಳ್ಳು ಹೇಳಿ ಕಳಿಸಿದೆ. ಆ ವರ್ಷ ಅನುಕ್ರಮಣದ ಪಾಠ ಬಂದಾಗ ಬೋರ್ಡಿನ ಮೇಲೆ ಗೋಳಿ ಬರೆದು, ಬಾಣ ಹಾಕಿ, ಕರಿಕೆ ಬರೆದು, ಬಾಣ ಹಾಕಿ, ಮುಂದೆ ಏನು ಬರೆಯಬೇಕೆಂದು ತಿಳಿಯದೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಹುಡುಗರು ಬೆಲ್ಲು ಹೊಡೆಯುವವರೆಗೂ ಗಲಾಟೆ ಮಾಡಿಕೊಂಡರು.

ಮೊದಲ ಕಬ್ಬು ಎರಡಾಳೆತ್ತರ ಬೆಳೆಯಿತಂತೆ. ಚಿಮ್ಮಡದಿಂದಲೂ ಜನ ನೋಡಲು ಬಂದರಂತೆ. ಇದನ್ನೂ ವೈನಿಯೇ ಫೋನಿನಲ್ಲಿ ಹೇಳಿದರು, ನನಗೆ ಖುಷಿಯಾಗಬೇಕು ಎನ್ನುವ ದನಿಯಲ್ಲಿ. ಕಡಿದ ಬುಡದಿಂದ ಚಿಗುರಿದ ಕೂಳೆ ಕಬ್ಬು ಅಷ್ಟು ಬರಲಿಲ್ಲ. ಅದರ ಮುಂದಿನದು ಹಳದಿಯಾಯಿತು. ಬಸಿಗಾಲುವೆ ಇಲ್ಲ, ನೀರಿಗೆ ತಡೆ ಇಲ್ಲ, ಜಾಲಿಯ ಬೇರಿಲ್ಲ. ಇದು ಹೀಗೇ ಆಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಈ ಬೇಸಿಗೆಯಲ್ಲಿ ಅಣ್ಣ ತಾನೇ ಫೋನು ಮಾಡಿದ. ಒಂದು ಸಲ ಬಂದು ನೋಡಿ ಹೋಗು ಎಂದ. ದನಿಯಲ್ಲಿ ನಗು ಇರಲಿಲ್ಲ. ಹೋಗಬಾರದೆಂದುಕೊಂಡೆ, ಮಾರನೆಯ ಭಾನುವಾರ ಹೋದೆ.

ಕೆಳಗಿನ ಮೂಲೆ ಮತ್ತೆ ಬೆಳ್ಳಗಾಗಿತ್ತು. ಒಣಗಿದ ಕಬ್ಬಿನ ಕೂಳೆಗಳ ನಡುವೆ ಉಪ್ಪು ಎದ್ದು ನಿಂತಿತ್ತು. ಹುತ್ತದ ಬುಡಕ್ಕೆ ನೀರು ಹತ್ತಿ, ಒಂದು ಮಗ್ಗುಲು ಕುಸಿದು, ಖಾಲಿ ಕೋಣೆಗಳು ಹೊರಗೆ ಕಾಣುತ್ತಿದ್ದವು. ಗೆದ್ದಲು ಬಿಟ್ಟುಹೋಗಿ ಬಹಳ ದಿನವಾಗಿತ್ತು. ಅಣ್ಣ ನನ್ನ ಹಿಂದೆ ನಿಂತಿದ್ದ. ಅವನ ಕೂದಲೂ ಬಹಳ ಬೆಳ್ಳಗಾಗಿತ್ತು.

“ಮತ್ತ ಸತ್ತತಿ ನೋಡು,” ಎಂದ. “ನಿನ್ನ ಕೈಗುಣ ಛಲೋ ಐತಿ. ಮೊದಲಿನಂಗ ನೀನ ಇಟಗೋ. ಖರೆ ಹೇಳತೇನಿ, ಇದು ನಿನ್ನ ಪಾಲು.”

ನನ್ನೊಳಗೆ ಏನೋ ಒಂದು ಹೂಂ ಎನ್ನಲು ಎದ್ದು ನಿಂತಿತು. ಆ ಬಿಳಿ ನೆಲವನ್ನು ಕಂಡರೆ ಈಗಲೂ ಮರುಕ ಹುಟ್ಟುತ್ತದೆ, ಅದರ ತಪ್ಪೇನಿದೆ? ಆದರೆ ಅಣ್ಣನ ಕಣ್ಣು ನೋಡಿದೆ. ಅವನು ಆಗಲೇ ಮುಂದಿನ ಕರಿಕೆಗೆ ಕಾಯುತ್ತಿದ್ದ.

“ನಾಗಪ್ಪನ ಮುಂದ ಅಂದ ಮಾತು ಯಣ್ಣಾ,” ಎಂದೆ. “ಅಣ್ಣನ ಪಾಲು ಅಂದೇನಿ. ಅಣ್ಣನ ಪಾಲ ಇರಲಿ.”

ಅವನು ನಗಲು ನೋಡಿದ, ಆಗಲಿಲ್ಲ. ನಾನು ತಿರುಗಿ ಹೊರಟೆ. ಒಡ್ಡು ಇದ್ದ ಜಾಗದ ಹತ್ತಿರ ಕಾಲು ತಾನಾಗಿ ನಿಂತಿತು. ಬಿಳಿ ಪದರು ಬಿರಿದ ಕಡೆ, ನೆಲಕ್ಕೆ ಅಂಟಿಕೊಂಡು, ಕೆಂಪು ದಂಟಿನ ಎರಡು ದಪ್ಪ ಎಲೆ.

“ಏನ್ ನೋಡಾಕತ್ತಿ?” ಎಂದು ಅಣ್ಣ ಹಿಂದಿನಿಂದ ಕೂಗಿ ಕೇಳಿದ.

“ಏನಿಲ್ಲ,” ಎಂದೆ.